ಪೊಲ್ದೆಯ ದನಿ

ಇದು ಕಟ್ಟಿದ ಕಥೆಯಲ್ಲ, ನಡೆದದ್ದು. ಕಟ್ಟಿದ್ದೇನಾದರೂ ಇದ್ದರೆ ಅದು ತೀಲೆನ್ ಬಾಯಿಗೆ ಅಡ್ಡ ಕಟ್ಟಿಕೊಂಡಿದ್ದ ಮಫ್ಲರು ಮಾತ್ರ. ಕಾಫಿ ಅಂಗಡಿಯ ಮೂಲೆಯ ಟೆಲಿಫೋನಿಗೆ ನಾಣ್ಯ ಹಾಕಿ, ಆ ಕಡೆ ಯಾರೋ ಎತ್ತಿಕೊಂಡದ್ದು ಕೇಳಿಸಿದ ಮೇಲೆ ಅವನು ಮೊದಲು ಒಂದು ಕೆಮ್ಮು ಕೆಮ್ಮಿದ. ಅದು ಅವನ ಕೆಮ್ಮಲ್ಲ. ಅಗ್ಗದ ತಂಬಾಕು, ಬೆಟ್ಟದ ತಪ್ಪಲಿನ ಮಂಜು ಮತ್ತು ಮುದಿ ಎದೆಗೂಡು, ಮೂರೂ ಸೇರಿ ತಯಾರಿಸಿದ ಕೆಮ್ಮು. ಕಾಫಿ ಯಂತ್ರದ ಹಿಂದಿದ್ದ ಹುಡುಗಿ, ಯಾವ ಮುದುಕ ಒಳಗೆ ಬಂದನಪ್ಪಾ ಎಂದು ತಿರುಗಿ ನೋಡಿದಳು.

"ಯಾರ್ಲಾ ಅದು, ಲೇನಾರ್ತನೇನ್ಲಾ?"

ಆ ಕಡೆ ಕುರ್ಚಿಯೊಂದು ಕಿರುಗುಟ್ಟಿತು.

"ನಾನ್ ಕಣ್ಲಾ, ಪೊಲ್ದೆ! ಪಟ್ಣದ್ ನೀರ್ ಕುಡ್ದು ಅಣ್ಣನ್ ದನೀನೂ ಮರ್ತ್‌ಬುಟ್ಯಾ?"

"ಪೊಲ್ದೆ," ಎಂದಿತು ಆ ಕಡೆಯ ದನಿ. "ನೀನಾ? ನಿಜವಾಗ್ಲೂ ನೀನೇನಾ?"

"ಅಲ್ಲ, ನನ್ ದೆವ್ವ. ಕೇಳ್ಲಾ ಇಲ್ಲಿ. ನಾಳೆ ನಿನ್ ಹೆಸ್ರಬ್ಬ ಅಲ್ವಾ? ಇವತ್ ಸಂಜೀಕೆ ನಾವೆಲ್ಲಾ ಬತ್ತಾ ಇದೀವಿ. ತಪ್ಲೆ, ಮುಚ್ಚಳ, ಸೌಟು, ಎಲ್ಲಾ ಕಟ್ಕಂಡು. ನಿನ್ ಕಿಟ್ಕಿ ಕೆಳ್ಗೆ ನಿಂತು ಬಡುದ್ರೆ ಆ ಪಟ್ಣದೋರ ಕಟ್ಟಿದ್ ಹಲ್ಲೆಲ್ಲಾ ಉದುರ್ಬೇಕು, ಹಂಗೆ."

"ಎಲ್ಲಾರೂ ಬರ್ತೀರಾ?"

"ಊರಿಗೂರೇ ಕಣ್ಲಾ! ಬಸ್ ಮಾಡ್ಸಿದೀವಿ. ಹೊಸಾ ವೈನ್ ತೆಗ್ದಿಟ್ಟಿರು. ಹೊಟ್ಟೆಗೂ ಏನಾರ ಬೇಯ್ಸಿರು."

ಇಲ್ಲಿಗೆ ಲೇನಾರ್ತ್ ‘ಸಾಕು ಮಾಡೋ ತೀಲೆನ್, ನಂಗೆ ಗೊತ್ತಾಯ್ತು’ ಅನ್ನಬೇಕಿತ್ತು. ಪ್ರತಿಸಲ ಹಾಗೇ ಆಗುತ್ತಿತ್ತು. ನಿರ್ದೇಶಕರ ದನಿಯಲ್ಲಿ ಸಂಬಳ ಹೆಚ್ಚಿಸಿದಾಗಲೂ, ಪಾದ್ರಿಯ ದನಿಯಲ್ಲಿ ಪಾಪ ವಿಚಾರಿಸಿದಾಗಲೂ. ಈ ಸಲ ಮಾತ್ರ ಆ ಕಡೆಯ ದನಿ "ಬನ್ನಿ," ಎಂದಿತು. "ಮೂರನೇ ಮಹಡಿ ಪೊಲ್ದೆ. ದಾರಿ ತಪ್ಪಿದ್ರೆ ರೈಲ್ವೆ ಗೇಟ್ ಹತ್ರ ಯಾರನ್ನಾದ್ರೂ ಕೇಳು. ಬನ್ನಿ, ಎಲ್ಲಾರೂ ಬನ್ನಿ."

ನಗು ಹೊರಗೆ ಬೀಳುವ ಮೊದಲೇ ತೀಲೆನ್ ಫೋನಿಟ್ಟ.

ರಸ್ತೆ ದಾಟಿ, ಹಳೇ ಕಟ್ಟಡದ ಮೆಟ್ಟಿಲು ಹತ್ತಿದರೆ ಅವನೂ ಲೇನಾರ್ತನೂ ಕೆಲಸ ಮಾಡುವ ಕೋಣೆ; ಫೋನು ಬಾರಿಸಿದ್ದೂ ಅಲ್ಲೇ. ಸ್ಲಾವ್ ಭಾಷೆಗಳ ಮೂಲಪದಗಳ ಕೋಶ ಅಲ್ಲಿ ತಯಾರಾಗುತ್ತಿತ್ತು, ತಯಾರಾಗುತ್ತಲೇ ಇತ್ತು. ಗೋಡೆ ತುಂಬ ಚೀಟಿಗಳ ಮರದ ಖಾನೆಗಳು. ಕಿಟಕಿಯಲ್ಲಿ ಲ್ಯುಬ್ಲ್ಯಾನಾದ ನವೆಂಬರು, ಅಂದರೆ ಎದುರುಮನೆಯೂ ಕಾಣದಷ್ಟು ಮಂಜು. ಅಲ್ಲಿಯವರು ಹುಡುಕುವ ಪದಗಳನ್ನು ಯಾರೂ ಎಂದೂ ಬರೆದಿಟ್ಟಿಲ್ಲ. ಆಡಿದ ಬಾಯಿಗಳೆಲ್ಲ ಮಣ್ಣಾಗಿ ಸಾವಿರ ವರ್ಷದ ಮೇಲಾಯಿತು. ಮೊಮ್ಮಕ್ಕಳ ಮುಖಗಳನ್ನು ಸಾಲಾಗಿ ನಿಲ್ಲಿಸಿ, ಅಜ್ಜಿಯ ಮೂಗು ಹೀಗಿದ್ದಿರಬೇಕು ಎಂದು ಚಿತ್ರ ಬರೆಯುವಂಥ ಕೆಲಸ. ಹಾಗೆ ಊಹಿಸಿದ ಪ್ರತಿ ಪದದ ತಲೆಯ ಮೇಲೂ ಒಂದು ನಕ್ಷತ್ರ ಹಾಕುತ್ತಾರೆ: ಇದನ್ನು ಯಾರೂ ಕಿವಿಯಾರೆ ಕೇಳಿಲ್ಲ ಎಂದು ಅದರ ಅರ್ಥ.

ಲೇನಾರ್ತ್ ಪ್ಲುತ್ ಅಲ್ಲಿ ಎಲ್ಲರಿಗಿಂತ ಹಳಬ. ಮನೆತನದ ಹೆಸರಿಗೆ ತಕ್ಕ ಹಾಗೆ ಮಾತನ್ನು ಪ್ಲುತಸ್ವರದಂತೆ ಎಳೆಯುವ ಮನುಷ್ಯ. ‘ಆಗಲಿ’ ಎನ್ನುವಷ್ಟರಲ್ಲಿ ಆಗಬೇಕಾದದ್ದು ಆಗಿಹೋಗಿರುತ್ತಿತ್ತು. ಮದುವೆಯಾಗಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ರೈಲ್ವೆ ಗೇಟಿನಾಚೆಯ ಬಾಡಿಗೆ ಫ್ಲಾಟಿನಲ್ಲಿ ಒಬ್ಬನೇ ಇದ್ದ. ಬೇಸಿಗೆಯೆಲ್ಲ ಅವನು ಕೂತದ್ದು ಒಂದೇ ಪದದ ಮುಂದೆ. ‘ಗೊದು’. ಕೊನೆಯ ಉಕಾರವನ್ನು ಅರ್ಧ ನುಂಗಿ ಹೇಳಬೇಕು. ಅದು ಬಹಳ ಹಿಂದೆಯೇ ಉದುರಿಹೋದ ಸ್ವರ. ಹೊಟ್ಟೆಗೆ ಯಾರೋ ಮೆತ್ತಗೆ ಗುದ್ದಿದಂತೆ ಲೇನಾರ್ತ್ ಅದನ್ನು ಉಚ್ಚರಿಸುತ್ತಿದ್ದ. ತೀಲೆನ್ ಊಟದ ಹೊತ್ತಿನಲ್ಲಿ ಹೊಟ್ಟೆ ಹಿಡಿದುಕೊಂಡು ಅದನ್ನು ಹಾಗೆಯೇ ಅಣಕಿಸುತ್ತಿದ್ದ.

ಒಂದೇ ತಾಯಿಯ ಮಕ್ಕಳು ಬೇರೆಬೇರೆ ಊರು ಸೇರಿದ ಹಾಗೆ ಆ ಪದವೂ ಚದುರಿತ್ತು. ರಷ್ಯದವರಿಗೆ ಅದು ವರ್ಷವಾಯಿತು, ಪೋಲೆಂಡಿನವರಿಗೆ ಮದುವೆಯೂಟ, ಸೆರ್ಬಿಯದವರಿಗೆ ಮರದ ಕಾಂಡದೊಳಗೆ ವರ್ಷಕ್ಕೊಂದರಂತೆ ಬೆಳೆಯುವ ಬಳೆ. ಇಲ್ಲಿಯವರಿಗೆ ಮಾತ್ರ ‘ಗೋದ್’ ಎಂದರೆ ಹೆಸರಹಬ್ಬ, ಯಾವ ಸಂತನ ಹೆಸರಿಟ್ಟಿದ್ದಾರೋ ಆ ಸಂತನ ದಿನ. ಇದೇ ಬೇರಿನಿಂದ ಅವರ ‘ಕಥೆ’ಯೂ ಹುಟ್ಟಿತು, ‘ಅವಘಡ’ವೂ ಹುಟ್ಟಿತು. ಪುಲ್ಲಿಂಗ, ಏಳು ವಿಭಕ್ತಿ, ಮೂರು ವಚನ, ಎಲ್ಲವೂ ಲೇನಾರ್ತನಿಗೆ ಸಲೀಸಾಗಿ ಬಂದಿತ್ತು. ‘ಓ ಹಬ್ಬವೇ’ ಎಂದು ಹಬ್ಬವನ್ನೇ ಕೂಗಿ ಕರೆಯುವ ಸಂಬೋಧನೆಯ ರೂಪವನ್ನೂ ಬಿಟ್ಟಿರಲಿಲ್ಲ. ನಿಂತದ್ದು ಅರ್ಥದಲ್ಲಿ. ಬೇರಿನ ಅರ್ಥ ಕೂಡುವುದು, ಹೊಂದುವುದು. ಕೂಡಿದ್ದು ಏನು? ಕಾಲ ಕೂಡಿಬಂದದ್ದು ಮೊದಲೋ, ಜನ ಬಂದು ಕೂಡಿದ್ದು ಮೊದಲೋ? ಉಳಿದ ಪಂಡಿತರೆಲ್ಲ ಕಾಲದ ಕಡೆ. ಲೇನಾರ್ತ್ ಒಬ್ಬನೇ ಜನದ ಕಡೆ.

"ಸಾಕ್ಷಿ ಕೊಡಿ ಡಾಕ್ಟ್ರೇ," ಎನ್ನುತ್ತಿದ್ದಳು ಯೆರಿತ್ಸಾ. ಅವಳು ಕೋಶದ ಸಂಪಾದಕಿ. ನಡುವಯಸ್ಸು, ಕನ್ನಡಕ ಹಣೆಯ ಮೇಲೆ. "ಜನ ಸೇರೋದೇ ಮೊದಲನೇ ಅರ್ಥ ಅಂತ ನಿಮ್ಗೆ ಆಸೆ ಇದೆ. ಆಸೇನ ಅಡಿಟಿಪ್ಪಣಿಲಿ ಹಾಕೋಕಾಗಲ್ಲ."

ತೀಲೆನ್ ಒಳಗೆ ಬಂದಾಗ ಲೇನಾರ್ತ್ ಕೋಟಿನ ಗುಂಡಿಗಳನ್ನು ಒಂದು ಮನೆ ತಪ್ಪಿಸಿ ಹಾಕಿಕೊಳ್ಳುತ್ತಿದ್ದ. ಮಧ್ಯಾಹ್ನದ ಊಟದ ಗಂಟೆಯೂ ಹೊಡೆದಿರಲಿಲ್ಲ.

"ಹೊರಟ್ರಾ? ಇವತ್ತು ಗೊದು ಮುಗಿಸಿಕೊಡ್ತೀನಿ ಅಂದಿದ್ರಿ," ಎಂದಳು ಯೆರಿತ್ಸಾ, ಗ್ರಂಥಾಲಯದಿಂದ ಪುಸ್ತಕಗಳ ಹೊರೆ ಹೊತ್ತು ಬಂದವಳು.

"ನಾಳೆ. ನಾಳೆ ಖಂಡಿತ." ಅವನು ಟೋಪಿ ಹುಡುಕಿದ, ಅದು ತಲೆಯ ಮೇಲೇ ಇತ್ತು. "ಮನೆಗೆ ಜನ ಬರ್ತಿದಾರೆ ಯೆರಿತ್ಸಾ. ತುಂಬಾ ಜನ. ಸಾಸೇಜು ಎಲ್ಲಿ ಚೆನ್ನಾಗಿರುತ್ತೆ, ಮಾರ್ಕೆಟ್ಟಿನ ಕಂಬಗಳ ಕೆಳಗೋ, ಸೇತುವೆ ಪಕ್ಕದಲ್ಲೋ?"

"ಕಂಬಗಳ ಕೆಳಗೆ," ಎಂದಳು ಅವಳು ಬೆರಗಾಗಿ.

ಮೆಟ್ಟಿಲಿನ ಮೇಲೆ ಅವನ ಹೆಜ್ಜೆ ಸದ್ದು ಅಡಗುವವರೆಗೂ ತಡೆದುಕೊಂಡಿದ್ದು ತೀಲೆನ್ ಕುರ್ಚಿಗೆ ಬಿದ್ದು ನಕ್ಕ. ಕೆಮ್ಮಿನಿಂದ ಶುರುಮಾಡಿ ಬಸ್ಸಿನವರೆಗೆ ಎಲ್ಲವನ್ನೂ ಇನ್ನೊಂದು ಸಲ ಆಡಿ ತೋರಿಸಿದ. ಯೆರಿತ್ಸಾ ನಗಲಿಲ್ಲ. ಪುಸ್ತಕಗಳನ್ನು ಕೆಳಗಿಡುವುದನ್ನೂ ಮರೆತಿದ್ದಳು.

"ಪೊಲ್ದೆ ದನೀನ ನೀನೆಲ್ಲಿ ಕೇಳಿದ್ದೆ?"

"ನಾನಿಲ್ಲಿ ಸೇರಿದ ಹೊಸದ್ರಲ್ಲಿ ಅವನು ಇಲ್ಲಿಗೆ ಫೋನ್ ಮಾಡ್ತಿದ್ನಲ್ಲ. ‘ಆ ಪದ ಕೊರೆಯೋನನ್ನ ಕರಿಯಪ್ಪಾ’ ಅನ್ನೋನು. ಎಂಥಾ ದನಿ ಮಾರಾಯ್ತಿ, ಮರೆಯೋಕಾಗುತ್ತಾ!"

"ಆಮೇಲೆ ಯಾಕೆ ಮಾಡ್ಲಿಲ್ಲ ಅಂತ ಯೋಚಿಸಿದ್ಯಾ?"

"ವಯಸ್ಸಾಯ್ತು. ಕಿವಿ ಹೋಗಿರ್ಬೇಕು."

"ಕಿವಿ ಅಲ್ಲ ಕಣೋ ಹೋಗಿದ್ದು." ಯೆರಿತ್ಸಾ ಪುಸ್ತಕಗಳ ಹೊರೆಯನ್ನು ಮೇಜಿನ ಮೇಲಿಟ್ಟು ಕನ್ನಡಕವನ್ನು ಹಣೆಯಿಂದ ಕಣ್ಣಿಗೆ ಇಳಿಸಿದಳು. "ಪೊಲ್ದೆ ಅಂದ್ರೆ ಲೇನಾರ್ತ್ ಅವರ ದೊಡ್ಡಪ್ಪನ ಮಗ. ಒಟ್ಟಿಗೆ ಬೆಳೆದೋರು. ಅಜ್ಜನ ದ್ರಾಕ್ಷಿ ತೋಟದಲ್ಲಿ ಒಂದು ಪಾಲು ಇವರದಿತ್ತು. ತಾಯಿ ಆಸ್ಪತ್ರೆಲಿದ್ದಾಗ ಅದನ್ನ ಪಟ್ಣದ ಯಾವನೋ ವಕೀಲಂಗೆ ಮಾರ್ಬಿಟ್ರು. ಪೊಲ್ದೇನ ಒಂದು ಮಾತು ಕೇಳ್ಲಿಲ್ಲ. ಅವತ್ತಿಂದ ಅವನೂ ಇಲ್ಲ, ಊರೂ ಇಲ್ಲ. ಹಬ್ಬದ ಮುನ್ನಾದಿನ ಇವರ ಕಿಟಕಿ ಕೆಳಗೆ ಯಾರೂ ಒಂದು ಚಮಚಾನೂ ಬಡಿದಿಲ್ಲ. ಇವತ್ತು ಪೊಲ್ದೇನೇ ಫೋನ್ ಮಾಡಿದಾನೆ ಅಂದ್ಕೊಂಡಿದಾರೆ. ಕ್ಷಮಿಸಿದಾನೆ ಅಂದ್ಕೊಂಡಿದಾರೆ. ಅರ್ಥ ಆಯ್ತಾ ನೀನು ಮಾಡಿದ್ದು?"

ತೀಲೆನ್ ಎದ್ದು ನಿಂತ. ಯಾರ ದನಿಯಲ್ಲಿ ಉತ್ತರ ಕೊಡುವುದೆಂದು ಅವನಿಗೆ ತಿಳಿಯಲಿಲ್ಲ.

ಲೇನಾರ್ತನ ಮನೆಗೆ ಫೋನ್ ಮಾಡಿದರೆ ಗಂಟೆ ಬಾರಿಸುತ್ತಲೇ ಇತ್ತು. ಅವನು ಮಾರ್ಕೆಟ್ಟಿನಲ್ಲಿ ಕಂಬದಿಂದ ಕಂಬಕ್ಕೆ ಸಾಸೇಜು ಮೂಸುತ್ತ ಅಲೆಯುತ್ತಿರಬೇಕು. ಮತ್ತೆ ಮಾಡಿದರು. ಮತ್ತೆ. ಕೊನೆಗೆ ತೀಲೆನ್ ಟೆಲಿಫೋನ್ ವಿಚಾರಣೆಯವರನ್ನು ಕೇಳಿ ಇನ್ನೊಂದು ನಂಬರು ತೆಗೆದುಕೊಂಡ.

"ಯಾರಿಗೆ ಮಾಡ್ತಿದೀಯ?"

"ನಿಜವಾದ ದನಿಗೆ."

ಆ ಕಡೆ ಎತ್ತಿಕೊಂಡವನು ಮೊದಲು ಕೆಮ್ಮಿದ. ತೀಲೆನ್‌ಗೆ ಬೆಳಿಗ್ಗೆ ತಾನು ತೊಟ್ಟಿದ್ದ ಅಂಗಿಯನ್ನು ಅದರ ಯಜಮಾನ ಹಾಕಿಕೊಂಡು ಎದುರಿಗೆ ಬಂದ ಹಾಗಾಯಿತು.

"ಯಾರು?"

"ನಾನು... ಲ್ಯುಬ್ಲ್ಯಾನಾದಿಂದ. ಲೇನಾರ್ತ್ ಪ್ಲುತ್ ಅವರ ಜೊತೆ ಕೆಲ್ಸ ಮಾಡ್ತೀನಿ." ತನ್ನ ಸ್ವಂತ ದನಿ ಇಷ್ಟು ಸಣ್ಣದೆಂದು ಅವನಿಗೆ ಗೊತ್ತಿರಲಿಲ್ಲ.

ಆ ಕಡೆ ಎಲ್ಲೋ ನಾಯಿ ಬೊಗಳಿತು. "ಸತ್ನಾ?"

"ಅಯ್ಯೋ, ಇಲ್ಲ ಇಲ್ಲ! ನಾಳೆ ಅವರ ಹೆಸರಹಬ್ಬ, ಅದಕ್ಕೇ..."

"ಗೊತ್ತು."

"ನೀವು ಇವತ್ತು ಸಂಜೆ ಒಂದು ಸಲ ಬಂದ್ರೆ... ನೀವೊಬ್ರೇ ಆದ್ರೂ ಸಾಕು."

"ನನ್ ಅಡ್ಗೆಮನೆ ಕಿಟ್ಕೀಲಿ ನೋಡುದ್ರೆ ಏನ್ ಕಾಣ್ತದೆ ಗೊತ್ತಾ ಮಗಾ? ಈಜುಕೊಳ. ನಮ್ಮಜ್ಜ ನೆಟ್ಟಿದ್ ಬಳ್ಳಿ ಕಿತ್ತಾಕಿ ನೀರ್ ತುಂಬವ್ರೆ. ಈ ಚಳೀಲಿ ಅದ್ರಲ್ ಯಾವನ್ ಈಜ್ತಾನೋ ಕಾಣೆ. ದಿನಾ ಪಾತ್ರೆ ತೊಳೀತಾ ಅದನ್ನೇ ನೋಡ್ತೀನಿ." ಮತ್ತೆ ಕೆಮ್ಮು, ಈ ಸಲ ಉದ್ದ. "ಅವ್ನು ಸತ್ರೆ ತಿಳ್ಸು. ಬತ್ತೀನಿ."

ಫೋನು ಇಟ್ಟ ಸದ್ದಾಯಿತು. ಯೆರಿತ್ಸಾ ಪಕ್ಕದ ಕೋಣೆಗೆ ಹೋಗಿ, ಚಹಾ ಕಾಯಿಸುವ ತಪ್ಪಲೆಯನ್ನೂ ಅದರ ಮುಚ್ಚಳವನ್ನೂ ತಂದು ಅವನ ಮೇಜಿನ ಮೇಲೆ ಕುಕ್ಕಿದಳು.

ಸಂಜೆ, ದೀಪ ಹಚ್ಚುವ ಹೊತ್ತಿಗೆ, ಇಬ್ಬರೂ ರೈಲ್ವೆ ಗೇಟಿನಾಚೆಯ ಆ ಕಟ್ಟಡದ ಕೆಳಗೆ ನಿಂತಿದ್ದರು. ಯೆರಿತ್ಸಾಳ ಕೈಯಲ್ಲಿ ಎರಡು ಮುಚ್ಚಳ, ತೀಲೆನ್‌ನ ಕೈಯಲ್ಲಿ ತಪ್ಪಲೆ, ಸೌಟು. ಅವನ ಕೊರಳಲ್ಲಿ ದಾರ ಕಟ್ಟಿ ನೇತುಹಾಕಿಕೊಂಡ ತುರಿಯುವ ಮಣೆ. ಮೂರನೇ ಮಹಡಿಯ ಕಿಟಕಿ ಮಾತ್ರ ಕತ್ತಲಾಗಿತ್ತು. ಅದೇ ಪದ್ಧತಿ. ಹಬ್ಬದವನು ದೀಪವಾರಿಸಿ ಏನೂ ಅರಿಯದವನ ಹಾಗೆ ಒಳಗೆ ಕೂತಿರಬೇಕು. ಹೊರಗಿನವರು ಗೋಡೆ ಅದುರುವ ಹಾಗೆ ಬಡಿಯಬೇಕು.

ಬಡಿದರು. ಇಬ್ಬರ ಸದ್ದು ಎಷ್ಟಾದೀತು? ಅರ್ಧವನ್ನು ಮಂಜು ನುಂಗಿತು, ಉಳಿದದ್ದು ಹೊರಟುಹೋದ ಗೂಡ್ಸ್ ರೈಲಿನ ಹಿಂದೆ ಹೋಯಿತು. ಯೆರಿತ್ಸಾ ನಾಚಿಕೆಯಿಂದ ಅತ್ತಿತ್ತ ನೋಡಿದಳು. ಆಗ ತೀಲೆನ್ ತಪ್ಪಲೆಯನ್ನು ಕಂಕುಳಿಗೆ ಸಿಕ್ಕಿಸಿ ಬಾಯಿ ತೆಗೆದ.

"ಲೋ ಲೇನಾರ್ತಾ, ಎದ್ದೇಳೋ ಕುಂಬಕರ್ಣಾ!" ಎಂದು ಒಬ್ಬ ಕುಡುಕ ಕೂಗಿದ. "ಮಗಾ, ಮೊಳಕಾಲ್ ನೋಯ್ತದೆ, ಬೇಗ ಬಾಗ್ಲು ತೆಗಿಯಪ್ಪಾ," ಎಂದಿತು ಒಂದು ಅಜ್ಜಿ. ಪಾದ್ರಿ ಗಂಟಲು ಸರಿಮಾಡಿಕೊಂಡು ಆಶೀರ್ವದಿಸಿದರು. ಮಗುವೊಂದು ಉಚ್ಚೆ ಬಂತೆಂದು ಅತ್ತಿತು, ಅದರ ತಾಯಿ ಗದರಿದಳು. ಕೋಳಿ ಕೂಗಿತು, ಹೋರಿ ಗುಟುರು ಹಾಕಿತು. ಊರಿಗೂರೇ ಆ ಒಂದು ಗಂಟಲಿನಿಂದ ಇಳಿದು ಬಂದು ಕಿಟಕಿಯ ಕೆಳಗೆ ನೆರೆಯಿತು. ಪೊಲ್ದೆಯೊಬ್ಬನನ್ನು ಬಿಟ್ಟು.

ಸುತ್ತಲ ಕಿಟಕಿಗಳು ತೆರೆದುಕೊಂಡವು. "ಯಾರ್ರೀ ಅದು, ಪೊಲೀಸ್ನೋರ್ನ ಕರೀಬೇಕಾ?" ಎಂದು ಎರಡನೇ ಮಹಡಿ ಗದರಿತು. "ಕರೀರಿ, ಅವರಿಗೂ ಒಂದು ಮುಚ್ಚಳ ಕೊಡ್ತೀವಿ!" ಎಂದು ಯೆರಿತ್ಸಾ ತಿರುಗಿ ಕೂಗಿದಳು, ತನ್ನ ಧೈರ್ಯಕ್ಕೆ ತಾನೇ ಬೆಚ್ಚಿ.

ಮೂರನೇ ಮಹಡಿಯಲ್ಲಿ ದೀಪ ಹತ್ತಿತು. ಬಿಳಿ ಅಂಗಿ, ಟೈ ತೊಟ್ಟ ಲೇನಾರ್ತ್ ಅರ್ಧ ಮೈ ಹೊರಗೆ ಚಾಚಿದ. ಅವನು ಮೊದಲು ನೋಡಿದ್ದು ಇವರನ್ನಲ್ಲ. ಇವರ ತಲೆಯ ಮೇಲಿಂದ ಆಚೆ, ಗೇಟಿನ ಬಳಿ, ಬಸ್ಸೊಂದು ನಿಲ್ಲಬಹುದಾದ ಜಾಗವನ್ನು. ಅಲ್ಲಿ ಮಂಜಿತ್ತು, ಮಂಜಿನಲ್ಲಿ ಒಂದು ದೀಪದ ಕಂಬವಿತ್ತು. ಅವನು ನೋಡುತ್ತಲೇ ಇದ್ದ. ತೀಲೆನ್‌ನ ಸೌಟು ಗಾಳಿಯಲ್ಲಿ ನಿಂತಿತು. ಆಮೇಲೆ ನಿಧಾನವಾಗಿ ಲೇನಾರ್ತನ ಕಣ್ಣು ಕೆಳಗಿಳಿದು, ತುರಿಯುವ ಮಣೆಯ ಮೇಲೆ ಬಂದು ಕೂತಿತು.

"ಬಂದ್ರಾ ಕಳ್ಳರು!" ಎಂದು ಅವನು ಜೋರಾಗಿ ನಕ್ಕ. "ಮೇಲೆ ಬನ್ನಿ, ಮೇಲೆ ಬನ್ನಿ! ಗೋಡೆ ಸುಣ್ಣ ಉದುರಿಸಿದ್ರಲ್ಲೋ!"

ಬಾಗಿಲಲ್ಲೂ ನಗುತ್ತಲೇ ಬರಮಾಡಿಕೊಂಡ. ಅವರ ಕೋಟುಗಳನ್ನು ಈಸಿಕೊಳ್ಳುತ್ತ, "ನಂಗೆ ಮೊದಲನೇ ಮಾತಿಗೇ ಗೊತ್ತಾಯ್ತು," ಎಂದ. "ಏನಯ್ಯಾ ತೀಲೆನ್, ಅಪ್ಪಟ ಪಟ್ಣದೋನು ನೀನು. ತಪ್ಪಲೆ ಬಡಿಯೋಕೆ ಬರ್ತೀವಿ ಅಂತ ಯಾವ ಊರಲ್ಲಾದ್ರೂ ಮುಂಚೆನೇ ಫೋನ್ ಮಾಡ್ತಾರೇನೋ? ಹೇಳಿ ಬರೋರು ತೆರಿಗೆಯೋರು! ಅದೂ ಹೊಸ ವೈನಂತೆ! ಮುಂದಿನ ವಾರದ ಸಂತ ಮಾರ್ತಿನನ ದಿನ ಕಳೆಯೋ ತನಕ ಅದು ವೈನೇ ಅಲ್ಲ, ಬರೀ ದ್ರಾಕ್ಷಿ ನೀರು. ಪೊಲ್ದೆ ಸತ್ರೂ ಆ ಮಾತಾಡ್ತಿರ್ಲಿಲ್ಲ. ನೀವಿಬ್ರು ಬಂದೇ ಬರ್ತೀರಿ ಅಂತ ಗೊತ್ತಿತ್ತು. ಹೆಂಗೆ ಓಡಿಸ್ದೆ ನೋಡು ನಿಮ್ಮನ್ನ, ಚಳೀಲಿ!"

ತೀಲೆನ್‌ನ ಎದೆಯ ಮೇಲಿದ್ದ ಕಲ್ಲು ಇಳಿಯಿತು. "ಅಯ್ಯೋ ಡಾಕ್ಟ್ರೇ, ನಾವು ಹೆದ್ರಿ ಸತ್ತಿದ್ವಿ!" ಎಂದು ಅವನೂ ನಗಲು ಶುರುಮಾಡಿದ. ಯೆರಿತ್ಸಾಳೂ ನಗಲು ಬಾಯಿ ತೆರೆದಳು. ಆಗ ಅವಳು ಒಳಗಿನ ಕೋಣೆಯನ್ನು ನೋಡಿದಳು.

ಪುಸ್ತಕಗಳ ರಾಶಿಗಳೆಲ್ಲ ಮಾಯವಾಗಿದ್ದವು. ಗೋಡೆಯುದ್ದಕ್ಕೂ ಕುರ್ಚಿಗಳು: ಮರದ್ದು, ಪ್ಲಾಸ್ಟಿಕ್ಕಿನದು, ಮಡಿಸುವಂಥದ್ದು, ಒಂದಕ್ಕೊಂದು ಸಂಬಂಧವಿಲ್ಲದವು. ಮೇಜಿನ ಮೇಲೆ ಮಾತ್ರವಲ್ಲ, ಕಿಟಕಿಯ ಕಟ್ಟೆಯ ಮೇಲೆ, ರೇಡಿಯೋದ ಮೇಲೂ ಒರೆಸಿ ಬೋರಲಿಟ್ಟ ಗ್ಲಾಸುಗಳು. ಪೊತಿತ್ಸಾ ಎಂಬ ಹಬ್ಬದ ಸಿಹಿರೊಟ್ಟಿಯ ಅಕ್ರೋಟು ಸುರುಳಿಗಳು ತಟ್ಟೆ ತುಂಬಿ ಹೆಚ್ಚಾಗಿ ಪಕ್ಕದ ಪೇಪರಿನ ಮೇಲೂ ಹರಡಿದ್ದವು. ಬಾಗಿಲ ಪಕ್ಕದ ಗೂಟಗಳಲ್ಲಿ ಅವನ ಸ್ವಂತ ಬಟ್ಟೆಯೊಂದೂ ಇರಲಿಲ್ಲ. ಸಾಲಾಗಿ ಖಾಲಿ ಹ್ಯಾಂಗರುಗಳು, ಕೊನೆಯ ಎರಡರಲ್ಲಿ ಇವರ ಕೋಟು.

ಅಷ್ಟರಲ್ಲಿ ತೆರೆದೇ ಇದ್ದ ಬಾಗಿಲಲ್ಲಿ ಎದುರುಮನೆಯ ಮುದುಕಿ ಹಿಲ್ದಾ ಕುರ್ಚಿಯೊಂದನ್ನು ಎಳೆದುಕೊಂಡು ಬಂದಳು. "ಮೇಲಿನ ಮನೆಯೋರ ಹತ್ರ ಇದೊಂದು ಸಿಕ್ತು ಲೇನಾರ್ತ್ ಅವ್ರೇ. ಸಾಕಾಗುತ್ತಾ? ಬಸ್ ಬಂತಾ ನಿಮ್ಮೂರಿಂದು?"

ತೀಲೆನ್‌ನ ಕಣ್ಣು ಕುರ್ಚಿಗಳನ್ನು ಒಂದೊಂದಾಗಿ ಎಣಿಸಿತು.

"ಬಂತು, ಬಂತು," ಎಂದ ಲೇನಾರ್ತ್. "ಸಣ್ಣ ಬಸ್ಸು. ಕೂತ್ಕೊಳ್ಳಿ ಹಿಲ್ದಾ ಅವ್ರೇ, ನೀವೂ ಕೂತ್ಕೊಳ್ಳಿ." ಅವಳು ತಾನು ತಂದ ಕುರ್ಚಿಯಲ್ಲೇ ಕೂತಳು.

ನಾಲ್ಕು ಗ್ಲಾಸು ತುಂಬಿತು. ಹಳೇ ವೈನು, ಅವನ ಊರಿನದು, ನಾಲಿಗೆ ಚುರ್ರೆನ್ನುವ ಹುಳಿ. ಲೇನಾರ್ತ್ ಗ್ಲಾಸನ್ನು ದೀಪಕ್ಕೆ ಹಿಡಿದು ನೋಡಿದ. "ಬರ್ಕೋ ಯೆರಿತ್ಸಾ, ನಾಳೆ ತನಕ ಯಾಕೆ? ಗೊದು. ಮೊದಲನೇ ಅರ್ಥ, ತಕ್ಕ ಕಾಲ. ಜನ ಸೇರೋದು ಆಮೇಲೆ ಬಂದಿದ್ದು. ನೀನು ಹೇಳಿದ್ದೇ ಸರಿ."

"ನೀವು ಹೇಳಿದ್ದನ್ನೂ ಎರಡನೇ ಅಭಿಪ್ರಾಯ ಅಂತ..."

"ಬೇಡ. ಸಾಕ್ಷಿ ಇಲ್ಲ."

ಯೆರಿತ್ಸಾ ಬರೆದುಕೊಳ್ಳಲಿಲ್ಲ. ಗ್ಲಾಸಿನ ಅಂಚನ್ನು ಬೆರಳಲ್ಲಿ ಸುತ್ತುತ್ತ ಕೂತಳು. ತೀಲೆನ್‌ಗೆ ಇನ್ನೂ ಕೊರಳಿನ ತುರಿಯುವ ಮಣೆಯನ್ನು ತೆಗೆಯಲು ನೆನಪಾಗಿರಲಿಲ್ಲ. ಲೇನಾರ್ತ್ ಅವನ ಕಡೆಗೆ ಬಗ್ಗಿದ.

"ತೀಲೆನ್. ಇನ್ನೊಂದು ಸಲ ಆಡು ನೋಡೋಣ."

"ಏನು?"

"ಅದೇ. ಅವನ ದನಿ."

"ಬೇಡಿ ಡಾಕ್ಟ್ರೇ."

"ಆಡೋ, ಹಬ್ಬದೋನು ಕೇಳಿದ್ದನ್ನ ಇಲ್ಲ ಅನ್ಬಾರ್ದು."

ತೀಲೆನ್ ಯೆರಿತ್ಸಾಳನ್ನು ನೋಡಿದ. ಅವಳು ನೆಲ ನೋಡಿದಳು. ಅವನು ಕೆಮ್ಮಿದ. ಬೆಳಗಿನ ಕೆಮ್ಮಲ್ಲ, ಮಧ್ಯಾಹ್ನ ಫೋನಿನಲ್ಲಿ ಕೇಳಿದ್ದು, ಉದ್ದದ್ದು, ಇನ್ನೂ ಹಳೆಯದಾದದ್ದು. ಅದನ್ನು ಕೇಳುತ್ತಲೇ ಲೇನಾರ್ತ್ ಕಣ್ಣು ಮುಚ್ಚಿಕೊಂಡ.

"ಏನ್ಲಾ ಲೇನಾರ್ತಾ," ಎಂದಿತು ಪೊಲ್ದೆಯ ದನಿ.

"ಏನು ಪೊಲ್ದೆ."

"ಸಂದಾಗಿದೀಯೇನ್ಲಾ?"

"ಇದೀನಿ. ವೈನು ಹುಳಿ ಕಣೋ, ಕ್ಷಮಿಸು."

ತೀಲೆನ್ ಬಾಯಿಗೆ ಬಂದದ್ದನ್ನು ಆಡಿಬಿಟ್ಟ: "ಹುಳಿಯಾದ್ರೇನ್ಲಾ, ನಮ್ಮಜ್ಜಂದೇ ಅಲ್ವಾ? ಸುರಿ!"

ಮೊದಲು ನಕ್ಕವಳು ಹಿಲ್ದಾ, ಏನೆಂದು ತಿಳಿಯದೆಯೇ. ಆಮೇಲೆ ಯೆರಿತ್ಸಾ, ಕಣ್ಣೊರೆಸಿಕೊಂಡು. ತೀಲೆನ್ ಯಾರ ದನಿಯಲ್ಲೆಂದು ಗೊತ್ತಾಗದ ಹಾಗೆ ನಕ್ಕ. ಎಲ್ಲರಿಗಿಂತ ಜೋರಾಗಿ ನಕ್ಕವನು ಲೇನಾರ್ತ್. ತೊಡೆ ತಟ್ಟಿಕೊಂಡು, ಕಣ್ಣು ಮುಚ್ಚಿಕೊಂಡೇ, ಸಾಲುಗಟ್ಟಿದ ಆ ಕುರ್ಚಿಗಳೆಲ್ಲ ಅದುರುವ ಹಾಗೆ. ಒಳಗೆ ಅಡುಗೆಮನೆಯಲ್ಲಿ, ಊರಿಗಾಗುವಷ್ಟು ಸಾಸೇಜು ಬೇಯುತ್ತಿದ್ದ ದೊಡ್ಡ ತಪ್ಪಲೆಯ ಮುಚ್ಚಳ ಆವಿಗೆ ಎದ್ದೆದ್ದು ಬಿದ್ದು, ಯಾರೂ ಮುಟ್ಟದೆ ತಾನೇ ಟಣಟಣ ಬಡಿದುಕೊಳ್ಳುತ್ತಿತ್ತು.